ಕೌಲಿ ಎಳೆದ ಕಾಟಿ

ಫೆಬ್ರವರಿ ೯, ಭಾನುವಾರ

ಭಾನುವಾರವಾದರೂ ಬಿಡಬಾರದೆ? ಒಲೆಯ ಮೇಲೆ ಹಾಲಿಟ್ಟು ಇನ್ನೂ ತಲೆ ಬಾಚಿಕೊಂಡಿರಲಿಲ್ಲ, ಫಾರೆಸ್ಟ್ ವಾಚರ್ ಜಟ್ಟಿಂಗಪ್ಪ ಗೇಟಿನಲ್ಲಿ ನಿಂತು ಕೆಮ್ಮಿದ.

“ಡಾಕ್ಟ್ರಮ್ಮ, ಹಿನ್ನೀರಿನ ಬಯಲಲ್ಲಿ ಒಂದು ಕಾಡುಕೋಣ ಕುಂಟ್ತಾ ಅದೆ. ಸ್ವಲ್ಪ ನೋಡ್ಬೇಕಂತೆ. ಸಾಹೇಬ್ರು ಹೇಳಿದಾರೆ.”

“ನಾನು ದನ ಎಮ್ಮೆ ನೋಡೋಳು ಮಾರಾಯ. ಕಾಡಿನ ಪ್ರಾಣಿಗೆ ನಿಮ್ಮ ಇಲಾಖೇಲೇ ಡಾಕ್ಟ್ರಿದಾರಲ್ಲ?”

“ಶ್ರೀಕರ ಡಾಕ್ಟ್ರಿಗೆ ಬಲ ಭುಜ ಆಪರೇಷನ್ ಆಗಿದೆ. ಕೈ ಎತ್ತಕ್ಕೇ ಆಗಲ್ಲ.”

ಹೊಸನಗರ ತಾಲ್ಲೂಕಿನ ಈ ಮೂಲೆಯ ಪಶು ಆಸ್ಪತ್ರೆಗೆ ಬಂದು ನಾಲ್ಕು ವರ್ಷವಾಯಿತು. ಈ ಸಲ ಮೈಸೂರಿಗೆ ವರ್ಗ ಮಾಡಿಸಿಕೊಳ್ಳಲೇಬೇಕು, ನಮ್ಮವರು ಅಲ್ಲೇ ಬ್ಯಾಂಕಿನಲ್ಲಿದ್ದಾರೆ. ಮಾರ್ಚ್ ಹದಿನೈದರೊಳಗೆ ಅರ್ಜಿ ಹಾಕಬೇಕಂತೆ. ಅಲ್ಲಿಯವರೆಗೆ ಯಾರ ಉಸಾಬರಿಯೂ ಬೇಡ ಎಂದುಕೊಂಡೇ ಜೀಪು ಹತ್ತಿದೆ.

ಶರಾವತಿಯ ಹಿನ್ನೀರು ಇಳಿದಿದೆ. ಮಳೆಗಾಲದಲ್ಲಿ ಆಚೆ ದಡ ಕಾಣದಷ್ಟು ನೀರು ನಿಲ್ಲುವ ಕಡೆ ಈಗ ಕಣ್ಣು ಹಾಯುವಷ್ಟು ದೂರ ಎಳೆ ಹುಲ್ಲು. ಎಂದೋ ಮುಳುಗಿದ ಮರಗಳ ಕಪ್ಪು ಬೊಡ್ಡೆಗಳು ಅಲ್ಲಲ್ಲಿ ನಿಂತಿವೆ. ಜಟ್ಟಿಂಗಪ್ಪ ಒಂದು ಬೊಡ್ಡೆಯ ಕಡೆ ಕೈ ಮಾಡಿ “ಅಲ್ಲಿ” ಎಂದ. ನಾನು ಬೊಡ್ಡೆಯನ್ನು ನೋಡಿದೆ. ಬೊಡ್ಡೆ ತಲೆಯೆತ್ತಿತು.

ದೇವರೇ! ತೀರ್ಥಹಳ್ಳಿಯ ನಮ್ಮ ಮನೆಯ ಜಗುಲಿಯಲ್ಲಿ ಅಜ್ಜ ಹೊಡೆದ ಕಾಟಿಯ ಕೊಂಬಿದೆ. ಕಾಡುಕೋಣಕ್ಕೆ ನಮ್ಮ ಕಡೆ ಕಾಟಿ ಎನ್ನುತ್ತೇವೆ. ಚಿಕ್ಕಂದಿನಿಂದ ಸ್ನಾನ ಮುಗಿಸಿ ಬಂದು ಆ ಕೊಂಬಿಗೇ ಟವೆಲ್ ಹಾಕಿದವಳು ನಾನು. ಅದರ ಕೆಳಗೆ ಇಷ್ಟೆಲ್ಲ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆ ಹೆಗಲು, ಬೆಳಗಿನ ಬಿಸಿಲಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯುವ ಆ ಮೈ! ಮೊಣಕಾಲಿನಿಂದ ಕೆಳಗೆ ಶಾಲೆ ಮಕ್ಕಳ ಕಾಲುಚೀಲದಂತೆ ಬೆಳ್ಳಗೆ. ಎಡ ಮುಂಗಾಲಿನದು ಮಾತ್ರ ಬಿಳಿಯಲ್ಲ. ಯಾರೋ ಹಂದಿಗೆಂದು ಬೈಕಿನ ಬ್ರೇಕ್ ವೈರಿನಲ್ಲಿ ಉರುಳು ಒಡ್ಡಿದ್ದಾರೆ. ಕಾಟಿ ಅದನ್ನು ಗೂಟ ಸಮೇತ ಕಿತ್ತುಕೊಂಡು ಬಂದಿದೆ. ವೈರು ಮಾಂಸದೊಳಗೆ ಇಳಿದು ಕೂತಿದೆ.

ಮನೆಗೆ ಬಂದಾಗ ಹಾಲು ಉಕ್ಕಿ ಒಲೆಯೆಲ್ಲ ಕರಿಯಾಗಿತ್ತು. ಗ್ಯಾಸ್ ಆರಿಸಿದ್ದೆ ಎಂದುಕೊಂಡಿದ್ದೆ. ಪುಣ್ಯಕ್ಕೆ ಮನೆ ಉಳಿದಿದೆ.

ಫೆಬ್ರವರಿ ೧೧

ಶ್ರೀಕರ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿದೆ. ಕಾಟಿಗೆ ಮತ್ತು ಬರಿಸಿ ವೈರು ಬಿಚ್ಚಲು ಅನುಮತಿ ಬರಬೇಕು, ಅದಕ್ಕೆ ಇನ್ನೂ ಕೆಲವು ವಾರ ಬೇಕಂತೆ. ಔಷಧಿ ಅವರೇ ತರುತ್ತಾರೆ, ಪಕ್ಕದಲ್ಲೇ ಇರುತ್ತಾರೆ. ಇಂಜೆಕ್ಷನ್ ಕೋವಿ ಹಿಡಿಯುವವಳು ನಾನು.

“ನೀವು ಟ್ರೈನಿಂಗ್ ತಗೊಂಡಿದೀರಲ್ಲ ಮೇಡಂ?”

“ತಗೊಂಡಿದ್ದೆ ಸರ್. ನಿಂತ ಬಾಳೆದಿಂಡಿಗೆ ಹೊಡೆದಿದ್ದೆ.”

“ಬಾಳೆದಿಂಡು ನಡೆಯೋದಿಲ್ಲ” ಎಂದರು.

ನಗಲಿಲ್ಲ. ಬಿಡಿಸಿ ಹೇಳಿದರು. ಸೂಜಿ ತೊಡೆಯ ದಪ್ಪ ಮಾಂಸಕ್ಕೇ ಬೀಳಬೇಕು. ಹೊಟ್ಟೆಗೆ ಬಿದ್ದರೆ ನಾವೇ ಕೊಂದಂತೆ. ತಪ್ಪಿ ಬೆಚ್ಚಿಬಿದ್ದರೆ ಅದು ಕಾಡಿನೊಳಗೆ ಹೋಗುತ್ತದೆ, ಮತ್ತೆ ಬಯಲಿಗೆ ಬರುವುದಿಲ್ಲ, ಕಾಲು ಕೊಳೆತು ಸಾಯುತ್ತದೆ. ಆದ್ದರಿಂದ ಒಂದೇ ಹೊಡೆತ. ಹುಲ್ಲು ಮೇಯುತ್ತ ಅದು ನಿಲ್ಲುವುದು ಕಡಿಮೆ, ನಡೆಯುತ್ತಲೇ ಇರುತ್ತದೆ. “ನಡೆಯೋದಕ್ಕೆ ಹೊಡೆದು ರೂಢಿ ಮಾಡ್ಕೊಳ್ಳಿ.”

ಯಾವುದಕ್ಕೆ ಹೊಡೆಯಲಿ? ನಡೆಯುವ ಬಾಳೆದಿಂಡನ್ನು ಎಲ್ಲಿಂದ ತರಲಿ?

ಫೆಬ್ರವರಿ ೧೪

ರವೀಶ್ ತಂದ. ನಮ್ಮ ಆಸ್ಪತ್ರೆಯ ಸಹಾಯಕ. ದನಕ್ಕೆ ಔಷಧಿ ಕುಡಿಸುವುದಕ್ಕಿಂತ ಫ್ಯಾನು, ಮಿಕ್ಸಿ ಬಿಚ್ಚುವುದರಲ್ಲಿ ಅವನ ಮನಸ್ಸು. ವಿಷಯ ಹೇಳಿದ್ದೇ ತಡ, ಸಾಗರದ ಗುಜರಿ ಅಂಗಡಿಗೆ ಹೋಗಿ ಎಳೆಯುವ ಗೇಟಿನ ಕಬ್ಬಿಣದ ಹಳಿ, ಅದರ ಚಕ್ರಗಳನ್ನು ಹೇರಿಕೊಂಡು ಬಂದಿದ್ದಾನೆ. ಊರಾಚೆ ಜಂಬಿಟ್ಟಿಗೆ ಕಲ್ಲು ತೆಗೆದು ಬಿಟ್ಟ ಹಳೇ ಕ್ವಾರಿಯಿದೆ. ಮೂರು ಕಡೆಯೂ ಕೆಂಪು ಗೋಡೆ. ಹೊಡೆತ ತಪ್ಪಿದರೂ ಯಾರಿಗೂ ತಗಲುವುದಿಲ್ಲ.

ಹಳಿಯ ಮೇಲೆ ಹಲಗೆಯ ಗಾಡಿ. ಗಾಡಿಯ ಮೇಲೆ ಪ್ಲೈವುಡ್ಡಿನಲ್ಲಿ ಕೊರೆದ ಕಾಟಿ. ತೊಡೆಯ ಜಾಗಕ್ಕೆ ಅವನ ಮನೆಯ ಹಳೇ ಹಾಸಿಗೆ. ಕಪ್ಪು ಬಣ್ಣ ಬಳಿದು, ಕಾಲಿಗೆ ಸುಣ್ಣ ಹಚ್ಚಿ, ಕಣ್ಣು ಬರೆದಿದ್ದಾನೆ. ಬರೆದಿದ್ದಾನೆಯೇ! ಯಕ್ಷಗಾನದ ಸ್ತ್ರೀವೇಷಕ್ಕೂ ಅಷ್ಟು ಉದ್ದದ ರೆಪ್ಪೆ ಇರುವುದಿಲ್ಲ.

“ಇದೇನೋ, ಮದುವಣಗಿತ್ತಿ ಥರ?”

“ನೋಡಕ್ಕೆ ಚೆಂದ ಇದ್ರೆ ಹೊಡೆಯಕ್ಕೆ ಮನಸ್ಸು ಬರ್ತದೆ ಮೇಡಂ.”

ಎಳೆಯುವುದಕ್ಕೆ ಅವನ ಹಳೇ ಮೊಪೆಡ್. ಸ್ಟ್ಯಾಂಡ್ ಹಾಕಿ, ಹಿಂದಿನ ಟೈರ್ ಬಿಚ್ಚಿ, ರಿಮ್ಮಿಗೆ ಹಗ್ಗ ಕಟ್ಟಿದ್ದಾನೆ. ಆಕ್ಸಿಲರೇಟರ್ ತಿರುವಿದರೆ ಹಗ್ಗ ಸುತ್ತುತ್ತದೆ, ಕಾಟಿ ಹೊರಡುತ್ತದೆ. ಮೊದಲ ಸಲ ಅದು ಗಡಗಡ ಎಂದು ಚಲಿಸಿದಾಗ ಇಬ್ಬರೂ ಮಕ್ಕಳಂತೆ ಕೂಗಿಬಿಟ್ಟೆವು.

ಫೆಬ್ರವರಿ ೨೦

ಇಂದು ಒಂದೂ ತಪ್ಪಲಿಲ್ಲ! ಕೋವಿ ಹಗುರ, ಗ್ಯಾಸಿನದು, ಸದ್ದೂ ಕಡಿಮೆ. ಸೂಜಿಯಿಲ್ಲದ ಡಾರ್ಟಿನಲ್ಲಿ, ಅಂದರೆ ಕೋವಿಯಿಂದ ಹಾರುವ ಸಿರಿಂಜಿನಲ್ಲಿ, ನೀರು ತುಂಬಿ ಹೊಡೆಯುತ್ತೇನೆ. ಮದುವಣಗಿತ್ತಿಯ ತೊಡೆ ಒದ್ದೆಮುದ್ದೆ.

ಅಪ್ಪಯ್ಯನಿಗೆ ಫೋನ್ ಮಾಡಿದೆ. ತೀರ್ಥಹಳ್ಳಿಯ ನಮ್ಮ ಮನೆತನದಲ್ಲಿ ಕೋವಿ ಮುಟ್ಟಿದ ಹೆಂಗಸು ನಾನೇ ಮೊದಲು. ಅಜ್ಜ ಈಡಿಗೆ, ಅಂದರೆ ಶಿಕಾರಿಗೆ ಹೊರಡುವಾಗ ನಾವು ಹೆಣ್ಣುಮಕ್ಕಳು ಕೋವಿ ದಾಟಬಾರದು, ಎದುರಿಗೆ ಬರಬಾರದು, ಒಳಗೇ ಇರಬೇಕು. ಅಪ್ಪಯ್ಯ ಕೇಳಿ, “ನಿಮ್ಮಜ್ಜಂದೇ ಕೈ ಬಂದಿದೆ ನಿಂಗೆ” ಎಂದರು. ಹೆಮ್ಮೆಯೋ ಹೆದರಿಕೆಯೋ ತಿಳಿಯಲಿಲ್ಲ.

ಅನುಮತಿ ಇವತ್ತೇ ಬಂದರೆ ನಾಳೆಯೇ ಮುಗಿಸಿಬಿಡುತ್ತೇನೆ. ಎಷ್ಟು ದಿನ ಇದೇ ರಗಳೆ?

ಫೆಬ್ರವರಿ ೨೩

ಜಂಬ ಇಳಿಯಿತು.

ಮಧ್ಯದಲ್ಲಿ ಮೊಪೆಡ್ಡಿನ ಪೆಟ್ರೋಲ್ ಮುಗಿಯಿತು. “ಕೈಯಲ್ಲೇ ಎಳೀತೀನಿ ಮೇಡಂ” ಎಂದು ರವೀಶ್ ಹಗ್ಗ ಹಿಡಿದು ಗೋಡೆಯ ಮರೆಗೆ ಹೋದ. ಕಾಟಿ ಬಂತು. ಹೊಡೆದೆ. ಗೋಡೆಗೆ ಬಿತ್ತು. ಮತ್ತೆ ಹೊಡೆದೆ, ಹೊಟ್ಟೆಗೆ. ಮತ್ತೆ, ಕೊಂಬಿಗೆ! ಅದೇ ಕೋವಿ, ಅದೇ ಗಾಡಿ, ಅದೇ ನಾನು.

ಕಲ್ಲಿನ ಮೇಲೆ ಕೂತು ಯೋಚಿಸಿದಾಗ ತಿಳಿಯಿತು. ಇಷ್ಟು ದಿನ ಹೊಡೆದದ್ದು ಕಣ್ಣಲ್ಲ, ಕಿವಿ. ಮೊಪೆಡ್ಡಿನ ಸದ್ದು ಏರಿದರೆ ಗಾಡಿ ಹೊರಡುತ್ತದೆ, ಇಳಿದರೆ ನಿಲ್ಲುತ್ತದೆ. ಸದ್ದು ಕೇಳಿ ಕೋವಿಯ ಕುದುರೆ ಒತ್ತುತ್ತಿದ್ದೆ. ಹಿನ್ನೀರಿನ ಬಯಲಿನಲ್ಲಿರುವುದು ಸದ್ದೇ ಮಾಡುವುದಿಲ್ಲ. ಅಷ್ಟು ದೊಡ್ಡ ಮೈ, ಹುಲ್ಲಿನ ಮೇಲೆ ಅರಿವೆ ಜಾರಿದಂತೆ ಹೋಗುತ್ತದೆ.

ಇವತ್ತೇ ಅನುಮತಿ ಬಂದಿದ್ದರೆ ಅದರ ಕತೆ ಮುಗಿಯುತ್ತಿತ್ತು.

ಫೆಬ್ರವರಿ ೨೫

ರವೀಶ್ ಎಳೆಯುತ್ತಿದ್ದಾನೆ. ಹೊಡೆತ ಸರಿಯಾಗುತ್ತಿದೆ. ಆದರೆ ಈಗ ಇನ್ನೊಂದು ತಮಾಷೆ. ಗೋಡೆಯ ಸಂದಿನಿಂದ ಅವನು ನನ್ನನ್ನು ನೋಡುತ್ತಾನೆ. ನಾನು ಕೋವಿ ಎತ್ತಿದರೆ ಸಾಕು, ಅವನ ಕೈ ತಾನಾಗಿ ನಿಧಾನವಾಗುತ್ತದೆ. ಬೈದೆ.

“ಬೇಕಂತ ಮಾಡಲ್ಲ ಮೇಡಂ. ಪಾಪ, ಇವತ್ತಾದ್ರೂ ಹೊಡೀಲಿ ಅಂತ ಕೈಗೇ ಅನ್ನಿಸ್ತದೆ.”

“ಕಾಟಿಗೆ ಹಾಗೆ ಅನ್ನಿಸಲ್ಲ ಕಣೋ.”

“ಹಂಗಾದ್ರೆ ನಿಮ್ಮ ಮೇಲೆ ಕನಿಕರ ಇಲ್ದೇ ಇರೋರೇ ಎಳೀಬೇಕು” ಎಂದು ತಲೆ ಕೆರೆದುಕೊಂಡ. “ಈ ಊರಲ್ಲಿ ಅಂಥೋರು ಅಂದ್ರೆ ವನಮಾಲಕ್ಕನ ಕೌಲಿ ಒಂದೇ.”

ಕೌಲಿ ಮಲೆನಾಡು ಗಿಡ್ಡ ತಳಿಯ ಹಸು. ಮೇಜಿನಷ್ಟೇ ಎತ್ತರ, ಬೇಲಿ ಹಾರುವುದರಲ್ಲಿ ಜಿಂಕೆ. ಕಾಲುಬಾಯಿ ಜ್ವರದ ಲಸಿಕೆ ಹಾಕಿದಾಗಿನಿಂದ ನನ್ನ ಜೀಪಿನ ಸದ್ದು ಕೇಳಿದರೇ ಗುಡ್ಡ ಹತ್ತುತ್ತದೆ. ಇಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ನಗು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದೆವು.

ಫೆಬ್ರವರಿ ೨೭

ವನಮಾಲಕ್ಕನ ಮನೆ ಕ್ವಾರಿಯ ಮೇಲ್ಗಡೆಯೇ. ಕೌಲಿ ಮೇಯುವುದೂ ಅಲ್ಲೇ. ನಮ್ಮ ಬೇಡಿಕೆ ಕೇಳಿ ಅವರು ಕಿವಿ ಮುಚ್ಚಿಕೊಂಡರು.

“ಎಂತ ಡಾಕ್ಟ್ರೇ ನೀವು! ಹೆಣ್ಣು ದನಕ್ಕೆ ನೊಗ ಹಾಕಿ ಎಳೆಸೋದಾ? ನಮ್ಮ ಮನೇಲಿ ಅಂಥ ಪಾಪ ಯಾರೂ ಮಾಡಿದ್ದಿಲ್ಲ. ಗೋಪೂಜೆ ದಿನ ಇದರ ಕಾಲು ಮುಟ್ಟೋದು ಹೆಂಗೆ ನಾನು?”

ನೊಗವಲ್ಲ, ಕೊರಳಿಗೊಂದು ಹಗುರ ಹಗ್ಗ, ಜೋರಾಗಿ ಎಳೆದರೆ ತಾನೇ ಬಿಚ್ಚಿಕೊಳ್ಳುವ ಗಂಟು ಎಂದು ಕಟ್ಟಿ ತೋರಿಸಿದೆ. ಉರುಳಿನ ವೈರು, ಕೊಳೆಯುತ್ತಿರುವ ಕಾಲು ಎಲ್ಲ ಹೇಳಿದೆ. ಅವರು ಆ ಗಂಟನ್ನು ತಾವೇ ಎಳೆದು ನೋಡಿದರು.

“ಅದು ಮೇಯ್ಲಿ. ಅದು ಮೇಯ್ತಾ ಹೋಗುವಾಗ ಹಗ್ಗ ತಾನಾಗಿ ಜೊತೆಗೆ ಹೋದ್ರೆ ನಾನು ಬ್ಯಾಡ ಅನ್ನೂದಿಲ್ಲ. ಆದ್ರೆ ಅಟ್ಟೂ ಹಾಂಗಿಲ್ಲ, ಹಚಾ ಅನ್ನೂ ಹಾಂಗಿಲ್ಲ. ನಡೆದ್ರೆ ನಡೀತು, ನಿಂತ್ರೆ ನಿಂತು.”

ಆಮೇಲೆ ಕೌಲಿಯ ಕಿವಿಯ ಹತ್ತಿರ ಬಗ್ಗಿ ಅವರ ಮನೆಮಾತಿನಲ್ಲಿ, “ಹೆದ್ರಡ, ಆನು ಇಲ್ಲೇ ಇದ್ದಿ” ಎಂದು ಧೈರ್ಯ ಹೇಳಿದರು. ನಮ್ಮ ಜೊತೆ ಊರಿನ ಕನ್ನಡ, ಅದರ ಜೊತೆ ಮನೆಯ ಮಾತು. ಕೌಲಿ ನನ್ನನ್ನು ನೋಡಿ ಬುಸ್ ಎಂದಿತು.

ಮಾರ್ಚ್ ೨

ರವೀಶ್ ಹೊಸ ವ್ಯವಸ್ಥೆ ಮಾಡಿದ್ದಾನೆ. ಕೌಲಿಯ ಕೊರಳಿನ ಹಗ್ಗ ಕ್ವಾರಿಯ ಅಂಚಿನಲ್ಲಿ ಬಾವಿಯ ಗಡಗಡೆಯೊಂದರ ಮೇಲೆ ಹಾದು ಕೆಳಗಿಳಿದು ಗಾಡಿಗೆ ಸೇರುತ್ತದೆ. ಗಾಡಿಯ ಇನ್ನೊಂದು ಬದಿಗೆ ಇನ್ನೊಂದು ಗಡಗಡೆಯಿಂದ ಅರ್ಧ ಜಂಬಿಟ್ಟಿಗೆ ಕಲ್ಲು ತೂಗಿಬಿಟ್ಟಿದ್ದಾನೆ. ಕೌಲಿ ಮುಂದೆ ಹೋದರೆ ಕಾಟಿ ಮುಂದೆ, ಕೌಲಿ ಹಿಂದೆ ಬಂದರೆ ಕಲ್ಲಿನ ಭಾರಕ್ಕೆ ಕಾಟಿಯೂ ಹಿಂದೆ. ಮೇಲಿರುವ ಅದು ನನಗೆ ಕಾಣುವುದಿಲ್ಲ, ನಾನು ಅದಕ್ಕೆ ಕಾಣುವುದಿಲ್ಲ.

ಕೋವಿ ಎತ್ತಿ ನಿಂತೆ. ಕೌಲಿ ಮಲಗಿತು. ಮೆಲುಕು ಹಾಕಿತು. ಒಂದೂ ಹೊಡೆಯಲಾಗಲಿಲ್ಲ. ಇಡೀ ಬೆಳಗು ದಂಡ.

ಮಾರ್ಚ್ ೩

ಇವತ್ತೂ ಮಲಗಿತು.

ಮಾರ್ಚ್ ೬

ನಾಲ್ಕು ಹೆಜ್ಜೆ ನಡೆದಳು, ನಿಂತಳು, ಮತ್ತೆ ಏನೋ ನೆನಪಾದಂತೆ ದಡದಡ ಓಡಿದಳು. ಎಲ್ಲ ತಪ್ಪಿತು. ರವೀಶನಿಗೆ ನಗು. ಮೇಲಿನಿಂದ ವನಮಾಲಕ್ಕ “ಬಿತ್ತನ್ರೀ?” ಎಂದು ಕೂಗುತ್ತಾರೆ, ಕ್ರಿಕೆಟ್ ನೋಡುವವರಂತೆ.

ಮಾರ್ಚ್ ೯, ಭಾನುವಾರ

ಬೆಳಕು ಹರಿಯುವ ಮೊದಲೇ ಹೋದೆ. ಕೋವಿ ಬದಿಗಿಟ್ಟು ಮೇಲೆ ಹತ್ತಿ ಕಾರೆ ಗಿಡದ ಮರೆಯಲ್ಲಿ ಕೂತು ಕೌಲಿಯನ್ನು ನೋಡಿದೆ. ಸುಮ್ಮನೆ.

ಈ ಕೆಲಸಕ್ಕೆ ಸೇರಿದಾಗಿನಿಂದ ಸಾವಿರಾರು ದನ ಮುಟ್ಟಿದ್ದೇನೆ. ಬಾಯಿ ಬಿಡಿಸಿದ್ದೇನೆ, ಹೊಟ್ಟೆಯೊಳಗೆ ತೋಳು ಹಾಕಿ ಕರು ಎಳೆದಿದ್ದೇನೆ. ಒಂದಾದರೂ ದನ ಹೇಗೆ ನಡೆಯುತ್ತದೆ ಎಂದು ನೋಡಿರಲಿಲ್ಲ. ನನ್ನ ಎದುರಿಗೆ ಬರುವಾಗ ಅವೆಲ್ಲ ಕಟ್ಟಿಹಾಕಿದವೇ ಅಲ್ಲವೆ?

ಹುಲ್ಲಿಗೆ ನಾಲಿಗೆ ಸುತ್ತುತ್ತಾಳೆ, ಕೀಳುತ್ತಾಳೆ. ಆಗ ಮೈಯೆಲ್ಲ ಬಾಯಿಯಲ್ಲಿರುತ್ತದೆ. ಆಮೇಲೆ ಒಂದು ಉಸಿರು. ಹೆಗಲಿನ ಚರ್ಮದಲ್ಲಿ ನೀರಿನ ಮೇಲೆ ಗಾಳಿ ಹಾದಂತೆ ಒಂದು ಅಲೆ. ಆಮೇಲೆ ಕಾಲು. ಪ್ರತಿ ಸಲವೂ ಹಾಗೇ. ಎಷ್ಟು ಅಂದ, ಎಷ್ಟು ಸಾವಕಾಶ! ಭೂಮಿಯ ಮೇಲೆ ಕಾಲಿಡುವುದು ಇಷ್ಟು ದೊಡ್ಡ ಸಂಗತಿ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಬಿಸಿಲು ಏರಿದ್ದೂ ತಿಳಿಯಲಿಲ್ಲ. ವನಮಾಲಕ್ಕ ಮಜ್ಜಿಗೆ ತಂದುಕೊಟ್ಟು, “ಎಂತ, ಮೂರ್ತಿ ಹಾಂಗೆ ಕೂತ್ರಲ್ರೀ” ಎಂದರು. ಕೌಲಿ ತಲೆಯೆತ್ತಿ ನನ್ನನ್ನು ನೋಡಿದಳು, ಓಡಲಿಲ್ಲ.

ಕೆಳಗಿಳಿದು ಒಂದೇ ಹೊಡೆತ ಹೊಡೆದೆ. ಬಿತ್ತು. ಒಳ್ಳೆಯ ದಿನ.

ಮಾರ್ಚ್ ೧೩

ಅನುಮತಿ ಬಂದಿದೆ. ಸಂಜೆ ಜಟ್ಟಿಂಗಪ್ಪನ ಜೊತೆ ಹೋಗಿ ದೂರದಿಂದ ಕಾಟಿಯನ್ನು ನೋಡಿ ಬಂದೆ. ಪಕ್ಕೆಲುಬು ಕಾಣುತ್ತಿದೆ. ಎಡಗಾಲನ್ನು ನೆಲಕ್ಕೆ ಊರುವ ಮೊದಲು ಗಾಳಿಯಲ್ಲಿ ಹಿಡಿದು ನಿಲ್ಲುತ್ತಾನೆ, ಬೇಕೋ ಬೇಡವೋ ಎಂಬಂತೆ. ಆದರೂ ತಲೆ ತಗ್ಗಿಸಿಲ್ಲ. ಹಿಂಡಿನ ಉಳಿದವು ಅವನಿಗೆ ಜಾಗ ಬಿಟ್ಟು ಸುತ್ತ ಮೇಯುತ್ತವೆ. ಅಳು ಬಂತು, ಜಟ್ಟಿಂಗಪ್ಪನಿಗೆ ಕಾಣದಂತೆ ಅತ್ತೆ.

ಮಾರ್ಚ್ ೧೬

ನಮ್ಮವರ ಫೋನ್. “ಅರ್ಜಿ ಹಾಕಿದ್ಯಾ ಕುಮುದಾ?” ನಿನ್ನೆಯೇ ಕಡೆಯ ದಿನವಾಗಿತ್ತಂತೆ. ನೆನಪೇ ಆಗಲಿಲ್ಲ. ಅವರಿಗೆ ಸಿಟ್ಟು ಬಂತು, ನ್ಯಾಯವೇ. ಶನಿವಾರ ಇಲ್ಲಿಗೇ ಬನ್ನಿ, ಒಬ್ಬರನ್ನು ತೋರಿಸಬೇಕು ಎಂದೆ. ಯಾರು ಎಂದರು. ಕೌಲಿ ಎಂದೆ.

ಇವತ್ತು ಅವಳು ಕಾಲು ಎತ್ತುವ ಮೊದಲೇ ನನಗೆ ತಿಳಿಯುತ್ತಿತ್ತು. ಹಲಗೆಯ ಕಾಟಿ ಅಲ್ಲಾಡುವ ಮೊದಲು ಹಗ್ಗದಲ್ಲೊಂದು ನಡುಕ ಬರುತ್ತದೆ. ಅದೇ ಉಸಿರು.

ಮಾರ್ಚ್ ೧೯, ಬುಧವಾರ

ಉಗುರಿನ ಸಂದಿಯ ಕೆಸರು ಇನ್ನೂ ಹೋಗಿಲ್ಲ. ಆದರೂ ಬರೆಯುತ್ತೇನೆ.

ಬೆಳಗಿನ ಮಂಜು ಏಳುವಾಗ ಬೊಡ್ಡೆಯೊಂದರ ಹಿಂದೆ ಮಂಡಿಯೂರಿದ್ದೆ. ಪಕ್ಕದಲ್ಲಿ ಶ್ರೀಕರ ಡಾಕ್ಟರು, ಬಲಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ. ಹಿಂದೆ ಜಟ್ಟಿಂಗಪ್ಪ, ರವೀಶ್, ಇಲಾಖೆಯ ಕೆಲವರು. ಅವನು ಮೇಯುತ್ತ ಬಂದ. ಕೋವಿ ಎತ್ತಿದೆ. ತೊಡೆ ಕಾಣುವಂತೆ ತಿರುಗಿದ. ಶ್ರೀಕರ ಡಾಕ್ಟರು “ಈಗ” ಎಂದು ಪಿಸುಗುಟ್ಟಿದರು. ನಾನು ಹೊಡೆಯಲಿಲ್ಲ. ಅವನ ಮೈಯೆಲ್ಲ ಇನ್ನೂ ಬಾಯಿಗೆ ಬಂದಿರಲಿಲ್ಲ. “ಮೇಡಂ!” ಎಂದರು. ಕಾದೆ. ಹುಲ್ಲಿಗೆ ನಾಲಿಗೆ ಸುತ್ತಿದ, ಕಿತ್ತ, ಉಸಿರು ಬಿಟ್ಟ. ಹೆಗಲಿನ ಮೇಲೆ ಅಲೆ ಬಂತು. ಆ ಹೆಜ್ಜೆ ಎಲ್ಲಿಗೆ ಬರುತ್ತದೋ ಅಲ್ಲಿಗೆ ಹೊಡೆದೆ.

ತೊಡೆಯ ಮಾಂಸದ ಮೇಲೆ ಡಾರ್ಟಿನ ಬಾಲದ ಕೆಂಪು ಕುಚ್ಚು ಕಂಡಿತು. ಅವನು ಬೆದರಲಿಲ್ಲ. ತಲೆ ತಿರುಗಿಸಿ, ಇದು ಯಾವ ನೊಣ ಎಂಬಂತೆ ನೋಡಿದ.

ಆಮೇಲೆ ನೀರಿನ ಕಡೆ ನಡೆದ. ಅದನ್ನು ಯಾರೂ ನೆನೆಸಿರಲಿಲ್ಲ. ಅಮಲು ಏರುತ್ತಿದ್ದಂತೆ ತೂರಾಡುತ್ತ ಹಿನ್ನೀರಿನ ಅಂಚಿಗೇ ಹೋದ. ಶ್ರೀಕರ ಡಾಕ್ಟರು “ನೀರಲ್ಲಿ ಬಿದ್ರೆ ಮುಳುಗ್ತಾನೆ, ಓಡಿ!” ಎಂದು ಕೂಗಿದರು. ಓಡಿದೆವು. ನಮ್ಮ ಕಣ್ಣೆದುರಿಗೇ ಮುಂಗಾಲು ಮಡಿಸಿ ಕುಸಿದ. ಮೈ ಕೆಸರಿನಲ್ಲಿ, ಮುಖ ನೀರಿನಲ್ಲಿ. ಮೊಣಕಾಲುದ್ದವೂ ಇಲ್ಲದ ನೀರು, ಸಾಯಲು ಅಷ್ಟು ಸಾಕು.

ಹೇಗೆ ಹೋದೆನೋ ಗೊತ್ತಿಲ್ಲ, ಕೆಸರಿನಲ್ಲಿ ಕೂತು ಆ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡೆ. ರವೀಶ್, ಜಟ್ಟಿಂಗಪ್ಪ ಆ ಕೊಂಬು ಈ ಕೊಂಬು ಹಿಡಿದರು. ಭತ್ತದ ಮೂಟೆಯಷ್ಟು ಭಾರದ ತಲೆ. ಕಣ್ಣಿಗೆ ಬಟ್ಟೆ ಕಟ್ಟಿದೆವು. ಮೂಗಿನ ಹೊಳ್ಳೆಗಳನ್ನು ನೀರಿನಿಂದ ಮೇಲೆ ಎತ್ತಿ ಹಿಡಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ನನ್ನ ಅಂಗೈ ತುಂಬ ಬಿಸಿ ಉಸಿರು. ಹುಲ್ಲಿನ ವಾಸನೆ, ಕೌಲಿಯ ಬಾಯಿಯದೇ ವಾಸನೆ!

ಮುಂಗಾಲಿನ ಹತ್ತಿರ ಶ್ರೀಕರ ಡಾಕ್ಟರು ಎಡಗೈಯಲ್ಲೇ ಕಟ್ಟರ್ ಹಿಡಿದು, ಇನ್ನೊಂದು ಹಿಡಿಯನ್ನು ವಾಚರೊಬ್ಬನಿಂದ ಒತ್ತಿಸಿ ವೈರು ಕತ್ತರಿಸಿದರು. ಗಾಯ ತೊಳೆದರು, ಔಷಧಿ ತುಂಬಿದರು. “ಎಲುಬಿಗೆ ತಗಲಿಲ್ಲ, ಉಳೀತಾನೆ” ಎಂದರು. ಅಮಲು ಇಳಿಸುವ ಇಂಜೆಕ್ಷನ್ ಕಿವಿಯ ನರಕ್ಕೆ ಕೊಟ್ಟು, ಕಣ್ಣಿನ ಬಟ್ಟೆ ಬಿಚ್ಚಿ, “ಎಲ್ಲರೂ ಹಿಂದೆ!” ಎಂದರು.

ಎಲ್ಲರೂ ಹೋದರು. ನನ್ನ ಕಾಲು ಕೆಸರಿನಲ್ಲಿ ಹೂತಿತ್ತು. ಎಳೆಯುವಷ್ಟರಲ್ಲಿ ಅವನು ತಲೆ ಎತ್ತಿದ. ಮೊಣಕಾಲು ಊರಿ ಎದ್ದ. ಎದ್ದ, ಎದ್ದ, ಇನ್ನೂ ಎದ್ದ, ಆಕಾಶ ಮರೆಯಾಗುವವರೆಗೆ ಎದ್ದ. ನಾನು ಅವನ ಮುಂಗಾಲುಗಳ ಎದುರು ಕೂತಿದ್ದೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಆದರೆ ಹೆದರಿಕೆಗಿಂತ ದೊಡ್ಡದೊಂದು ಇತ್ತು, ಅದಕ್ಕೆ ಜಾಗ ಬಿಟ್ಟು ಹೆದರಿಕೆಯೇ ಬದಿಗೆ ಸರಿದಂತಿತ್ತು. ಅವನು ಬಗ್ಗಿ ನನ್ನ ತಲೆಯನ್ನು ಮೂಸಿದ. ಕೂದಲು ಹಾರಿತು. ಕೈ ಮುಗಿಯಬೇಕು ಎನಿಸಿತು, ಕೈ ಏಳಲಿಲ್ಲ.

ಹೆಗಲಿನ ಮೇಲೆ ಅಲೆ ಬಂತು. ಎಡಗಾಲು ಎತ್ತಿದ. ಗಾಳಿಯಲ್ಲಿ ಹಿಡಿದ. ಊರಿದ.

ಮಾರ್ಚ್ ೨೦

ಮೈಕೈ ನೋವು. ಕ್ವಾರಿಗೆ ಹೋಗಿ ಕೌಲಿಗೆ ಬೆಲ್ಲ ಕೊಟ್ಟೆ. ನನ್ನ ಕೈಯಿಂದಲೇ ತಿಂದಳು. ವನಮಾಲಕ್ಕ ಹಗ್ಗ ಬಿಚ್ಚಿಡಲಿಲ್ಲ. “ಇರ್ಲಿ, ಅದಕ್ಕೂ ರೂಢಿ ಆಗಿದ್ದು” ಎಂದರು. ರವೀಶ್ ಮದುವಣಗಿತ್ತಿಗೆ ಮಳೆ ತಾಗದಂತೆ ತಗಡು ಹೊದಿಸುತ್ತಿದ್ದಾನೆ. ಜಟ್ಟಿಂಗಪ್ಪ ಬಂದು ಹೇಳಿದ, ಇವತ್ತು ಬೆಳಿಗ್ಗೆ ಬಯಲಿನಲ್ಲಿ ಕಾಟಿ ಉಳಿದವುಗಳ ಜೊತೆಗೇ ಇದ್ದನಂತೆ.

ಸಂಜೆ ಅಪ್ಪಯ್ಯ ಫೋನ್ ಮಾಡಿದರು.

“ಬಿತ್ತಾ?” ಎಂದರು. ಈಡಿನಿಂದ ಬಂದವರನ್ನು ನಮ್ಮ ಮನೆಯಲ್ಲಿ ಮೊದಲು ಕೇಳುವುದು ಈ ಮಾತನ್ನೇ.

“ಬಿತ್ತು ಅಪ್ಪಯ್ಯ.”

“ಹೂಂ.”

“ಆಮೇಲೆ ಎದ್ದು ನಡ್ಕೊಂಡು ಹೋಯ್ತು.”

ಆ ಕಡೆ ಅಪ್ಪಯ್ಯ ಎದ್ದು ನಡೆದ ಹೆಜ್ಜೆ ಕೇಳಿಸಿತು.

“ನಮ್ಮನೇಲಿ ಬಿದ್ದಿದ್ದು ಎದ್ದು ಹೋಗಿದ್ದು ಇದೇ ಮೊದ್ಲು ಕಣೇ” ಎಂದರು. ಆಮೇಲೆ, “ಜಗುಲಿ ಕೊಂಬಿನ ಮೇಲಿದ್ದ ಟವೆಲ್ ತೆಗೆದು ಬೇರೆ ಕಡೆ ಹಾಕ್ದೆ” ಎಂದರು.